ಗ್ಯಾಸಿನ ಗಾಡಿಯೂ ಸವಳು ನೀರೂ

ಗದಗ ಜಿಲ್ಲೆಯ ರೋಣಕ್ಕೂ ನರಗುಂದಕ್ಕೂ ನಡುವಿನ ಎರೆಬಯಲಿನಲ್ಲಿ ಯಾವಗಲ್ ಎಂಬ ಊರಿದೆ. ಜೋಳ, ಹತ್ತಿ, ಕಡಲೆ, ಗೋದಿಗಳ ಸೀಮೆ ಇದು. ಮಣ್ಣಿಗೆ ಬಡತನವಿಲ್ಲ, ಬಡತನವೆಲ್ಲ ನೀರಿನದು. ಈ ಕರಿನೆಲದಲ್ಲಿ ಬಾವಿ ತೋಡಿದರೆ ಅನೇಕ ಕಡೆ ಸಿಕ್ಕುವುದು ಸವಳು ನೀರು: ಉಪ್ಪು ಸುಣ್ಣ ಬೆರೆತು, ಬೇಳೆ ಬೇಯದ, ಸಾಬೂನು ನೊರೆಯೇಳದ ಗಡುಸು ನೀರು. ಆದ್ದರಿಂದಲೇ ಇಲ್ಲಿಯ ಹಿರಿಯರು ಕುಡಿಯುವುದಕ್ಕೆ ಬಾವಿಯನ್ನು ನಂಬದೆ ಮಳೆಯ ನೀರು ನಿಲ್ಲುವ ಕೆರೆಯನ್ನು ನಂಬಿದರು. ಇಂಥ ಸೀಮೆಯಲ್ಲಿ ಮೋಟಾರು ಗಾಡಿಯ ಇತಿಹಾಸವನ್ನು ಬರೆಯುವವನು ಪೆಟ್ರೋಲಿನಿಂದಲ್ಲ, ನೀರಿನಿಂದ ಆರಂಭಿಸಬೇಕಾಗುತ್ತದೆ.

ಎಣ್ಣೆಯ ಗಾಡಿಯನ್ನು ಗ್ಯಾಸಿಗೆ ತಿರುಗಿಸುವ ಪ್ರಯತ್ನ ನಮ್ಮ ನಾಡಿನಲ್ಲಿ ಎರಡು ಸಲ ದೊಡ್ಡದಾಗಿ ನಡೆದಿದೆ. ಮೊದಲನೆಯದು ಎರಡನೆಯ ಮಹಾಯುದ್ಧದ ಕಾಲದ ಇದ್ದಿಲು ಗ್ಯಾಸು. ಎರಡನೆಯದು ೨೦೦೦ದಿಂದೀಚಿನ ಎಲ್‌ಪಿಜಿ, ಸಿಎನ್‌ಜಿಗಳು. ಎರಡು ಸಲವೂ ಗಾಡಿ ಕೆಟ್ಟು ನಿಂತಾಗ ಜನ ಬೈದದ್ದು ಗ್ಯಾಸನ್ನು. ಎರಡು ಸಲವೂ ತಪ್ಪು ಬಹುಮಟ್ಟಿಗೆ ನೀರಿನ ಕಡೆಗೇ ಇತ್ತು. ಗ್ಯಾಸಿಗೂ ನೀರಿಗೂ ಇರುವ ಈ ನಂಟನ್ನು ಅರಿಯದೆ ಮಾಡಿದ ಚಿಕಿತ್ಸೆಯಿಂದ ಹಾಳಾದ ಎಂಜಿನ್ನುಗಳಿಗೆ ಲೆಕ್ಕವಿಲ್ಲ.

ಗ್ಯಾಸು ಹೊಸತೆಂದು ಭಾವಿಸುವವರು ಒಂದು ಮಾತನ್ನು ನೆನೆಯಬೇಕು. ಎಂಜಿನ್ನಿನ ವಂಶದಲ್ಲಿ ಪೆಟ್ರೋಲು ಕಿರಿಯ, ಗ್ಯಾಸೇ ಹಿರಿಯ. ೧೮೬೦ರಲ್ಲಿ ಪ್ಯಾರಿಸಿನಲ್ಲಿ ಲೆನ್ವಾರ್ ಎಂಬಾತ ಮಾಡಿದ ಎಂಜಿನ್ನು ನಡೆದದ್ದು ಬೀದಿಯ ದೀಪಗಳಿಗೆ ಉರಿಸುತ್ತಿದ್ದ ಗ್ಯಾಸಿನಿಂದ. ೧೮೭೬ರಲ್ಲಿ ಜರ್ಮನಿಯ ಓಟೋ ಸಿದ್ಧಪಡಿಸಿದ ನಾಲ್ಕು ಹೊಡೆತದ ಎಂಜಿನ್ನಿಗೂ ಗ್ಯಾಸೇ ಆಹಾರ. ಇಂದಿನ ಪೆಟ್ರೋಲು ಕಾರುಗಳೆಲ್ಲವೂ ಅದರ ಮಕ್ಕಳು ಮೊಮ್ಮಕ್ಕಳು. ಅಂದಿನಿಂದಲೂ ಈ ವಂಶಕ್ಕೆ ಅಂಟಿಬಂದ ರೋಗವೊಂದೇ, ಕಾವು. ಉರಿಯುವ ಇಂಧನದ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಗಾಲಿಯ ತಿರುಗುವಿಕೆಗೆ ಒದಗುತ್ತದೆ. ಉಳಿದುದರಲ್ಲಿ ಒಂದು ಪಾಲು ಹೊಗೆಯೊಡನೆ ಹೋಗುತ್ತದೆ, ಇನ್ನೊಂದು ಪಾಲು ಲೋಹದ ಮೈಗೆ ಇಳಿಯುತ್ತದೆ. ಇಳಿದ ಕಾವನ್ನು ಹೊರಗೆ ಸಾಗಿಸದಿದ್ದರೆ ಎಂಜಿನ್ನು ತನ್ನನ್ನೇ ಸುಟ್ಟುಕೊಳ್ಳುತ್ತದೆ.

ಕಾರ್ಲ್ ಬೆಂಜ್ ೧೮೮೬ರಲ್ಲಿ ರಸ್ತೆಗೆ ತಂದ ಮೂರು ಗಾಲಿಯ ಗಾಡಿಯಲ್ಲಿ ಈ ಸಾಗಣೆಯ ವ್ಯವಸ್ಥೆ ಬಲು ಸರಳವಾಗಿತ್ತು. ಎಂಜಿನ್ನಿನ ಸುತ್ತಲಿನ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ಹೋದಷ್ಟು ನೀರನ್ನು ಮತ್ತೆ ತುಂಬಬೇಕು. ೧೮೮೮ರಲ್ಲಿ ಆತನ ಪತ್ನಿ ಬರ್ತಾ ಬೆಂಜ್ ಮಕ್ಕಳಿಬ್ಬರನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮೇಲ್ಪಟ್ಟ ದಾರಿಯನ್ನು ಸವೆಸಿದಾಗ ಹಾದಿಯುದ್ದಕ್ಕೂ ನೀರು ಹುಡುಕಬೇಕಾಯಿತು. ಹೋದ ಶತಮಾನದ ಆರಂಭದಲ್ಲಿ ಮೇಬಾಖ್ ಎಂಬ ಶಿಲ್ಪಿ ಜೇನುಗೂಡಿನಂಥ ರೇಡಿಯೇಟರನ್ನು ರೂಪಿಸಿದ ಮೇಲೆ ಅದೇ ನೀರು ಸುತ್ತಿ ಸುತ್ತಿ ಕೆಲಸಕ್ಕೆ ಬರುವಂತಾಯಿತು. ಸಣ್ಣ ಸಣ್ಣ ಕೊಳವೆಗಳಲ್ಲಿ ನೀರು, ಅವುಗಳ ನಡುವೆ ಗಾಳಿ; ಇಂದಿಗೂ ಇದೇ ಏರ್ಪಾಡು. ಆದರೆ ಕೊಳವೆ ಸಣ್ಣದಾದಂತೆ ನೀರಿನ ಗುಣ ಮುಖ್ಯವಾಯಿತೆಂಬುದನ್ನು ಮರೆಯಬಾರದು. ಬಚ್ಚಲ ಹಂಡೆಯ ಒಳಮೈಗೆ ಹತ್ತುವ ಬಿಳಿಯ ಹಕ್ಕಳೆಯನ್ನು ನೋಡದವರಿಲ್ಲ. ಹಂಡೆಯಲ್ಲಿ ಅದು ಸೌದೆಯ ಖರ್ಚನ್ನು ಮಾತ್ರ ಹೆಚ್ಚಿಸುತ್ತದೆ. ಬೆರಳಿಗಿಂತ ಸಣ್ಣ ಕೊಳವೆಯಲ್ಲಿ ಅದು ದಾರಿಯನ್ನೇ ಕಟ್ಟಿಬಿಡುತ್ತದೆ.

ಇನ್ನು ಯುದ್ಧದ ಕಾಲಕ್ಕೆ ಬರೋಣ. ೧೯೪೧ರಲ್ಲಿ ಭಾರತದಲ್ಲಿ ಪೆಟ್ರೋಲಿಗೆ ರೇಷನ್ ಬಂತು. ೧೯೪೨ರ ಮಾರ್ಚಿಯಲ್ಲಿ ರಂಗೂನು ಜಪಾನಿಯರ ವಶವಾಯಿತು. ಏಪ್ರಿಲ್‌ನಲ್ಲಿ ಯೆನಾಂಗ್ಯಾಂಗಿನ ಎಣ್ಣೆ ಬಾವಿಗಳನ್ನು ಹಿಂದೆಗೆಯುತ್ತಿದ್ದ ಬ್ರಿಟಿಷರೇ ಹಾಳುಗೆಡವಿದರು. ಬರ್ಮಾದ ಎಣ್ಣೆ ನಿಂತುಹೋಯಿತು. ಸಿಕ್ಕಷ್ಟು ಪೆಟ್ರೋಲು ಸೈನ್ಯಕ್ಕೆ ಬೇಕು. ಆಗ ರೋಣ ತಾಲೂಕು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ರೈಲು ಗದಗಿನಿಂದ ಹೊಳೆ ಆಲೂರು, ಬಾದಾಮಿಗಳ ಕಡೆಗೆ ಹೋಗುತ್ತಿತ್ತೇ ಹೊರತು ರೋಣಕ್ಕಾಗಲಿ ನರಗುಂದಕ್ಕಾಗಲಿ ಬರುತ್ತಿರಲಿಲ್ಲ. ಇಂಥ ಕಡೆ ಸಂತೆಗೆ, ಕೋರ್ಟಿಗೆ, ಆಸ್ಪತ್ರೆಗೆ ಹೋಗುವವರಿಗೆ ಚಕ್ಕಡಿಯನ್ನು ಬಿಟ್ಟರೆ ಖಾಸಗಿ ಬಸ್ಸೇ ಗತಿ.

ಪೆಟ್ರೋಲಿಲ್ಲದ ಬಸ್ಸಿಗೆ ಇದ್ದಿಲು ಆಸರೆಯಾಯಿತು. ಯುರೋಪಿನಲ್ಲಿ ಈ ವಿದ್ಯೆ ಮೊದಲೇ ಬೆಳೆದಿತ್ತು. ಜಾರ್ಜ್ ಇಂಬೆರ್ ಎಂಬ ಫ್ರೆಂಚ್ ರಸಾಯನಜ್ಞ ೧೯೨೦ರ ದಶಕದಲ್ಲಿ ಕಟ್ಟಿಗೆಯಿಂದ ಗ್ಯಾಸು ತೆಗೆದು ಗಾಡಿ ನಡೆಸುವ ಒಲೆಯನ್ನು ರೂಪಿಸಿದ್ದನು. ಯುದ್ಧ ಕಾಲದ ಸ್ವೀಡನ್ ದೇಶದಲ್ಲಿ ಬಹುಪಾಲು ಗಾಡಿಗಳು ಹೀಗೆಯೇ ಓಡಿದವು. ನಮ್ಮಲ್ಲಿ ಮಧುರೆಯ ಟಿ. ವಿ. ಸುಂದರಂ ಅಯ್ಯಂಗಾರರು ಟಿವಿಎಸ್ ಗ್ಯಾಸ್ ಪ್ಲ್ಯಾಂಟನ್ನು ಮಾಡಿ ದಕ್ಷಿಣದ ಬಸ್ಸುಗಳು ನಿಲ್ಲದಂತೆ ನೋಡಿಕೊಂಡರು. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಪೀಪಾಯಿ, ಅದರೊಳಗೆ ಇದ್ದಿಲು, ನಸುಕಿನಲ್ಲೆದ್ದು ಬೆಂಕಿ ಹೊತ್ತಿಸಿ ಗಾಳಿಯಂತ್ರವನ್ನು ತಿರುವುವುದು ಕ್ಲೀನರನ ಪಾಲಿನ ವ್ರತ. ಅರ್ಧ ಗಂಟೆಯ ಸೇವೆಯ ಮೇಲೆ ಒಳ್ಳೆಯ ಗ್ಯಾಸು ಬಂದರೆ ಆ ದಿನದ ಭಾಗ್ಯ. ಒಂದು ಗ್ಯಾಲನ್ ಪೆಟ್ರೋಲಿನ ಕೆಲಸಕ್ಕೆ ಸುಮಾರು ೧೨ರಿಂದ ೧೫ ಪೌಂಡು ಇದ್ದಿಲು ಬೇಕು. ಹೀಗೆ ಹುಟ್ಟಿದ ಗ್ಯಾಸಿನಲ್ಲಿ ಅರ್ಧಕ್ಕೂ ಮೇಲ್ಪಟ್ಟು ಉರಿಯದ ಸಾರಜನಕ. ಉರಿಯುವುದೆಂದರೆ ಕಾಲುಭಾಗದಷ್ಟು ಇಂಗಾಲದ ಮಾನಾಕ್ಸೈಡು ಮತ್ತು ಸ್ವಲ್ಪ ಜಲಜನಕ. ಎಂಜಿನ್ನಿನ ಬಲ ಮೂರರಲ್ಲೊಂದು ಪಾಲು, ಕೆಲವೊಮ್ಮೆ ಅರ್ಧದಷ್ಟು ಕುಗ್ಗುತ್ತಿತ್ತು. ಏರು ಬಂದಾಗ ಪ್ರಯಾಣಿಕರು ಇಳಿದು ನೂಕಿದ ಕಥೆಗಳನ್ನು ಹಿರಿಯರು ಇಂದೂ ಹೇಳಿ ನಗುತ್ತಾರೆ.

ಬಲ ಅರ್ಧಕ್ಕಿಳಿದರೆ ಕಾವೂ ಅರ್ಧಕ್ಕಿಳಿಯಬೇಕಲ್ಲವೆ? ಇಳಿಯಲಿಲ್ಲ. ಇದ್ದಿಲು ಬಸ್ಸಿನ ರೇಡಿಯೇಟರು ಪೆಟ್ರೋಲು ಬಸ್ಸಿನದಕ್ಕಿಂತ ಬೇಗ ಕುದಿಯುತ್ತಿತ್ತು. ಈ ಒಗಟನ್ನು ಬಿಡಿಸಿದವನೇ ಒಳ್ಳೆಯ ಮಿಸ್ತ್ರಿ.

ಒಲೆಯಿಂದ ಹೊರಡುವ ಗ್ಯಾಸಿನ ಕಾವು ಕೆಲವು ನೂರು ಡಿಗ್ರಿ. ೩೦೦ ಡಿಗ್ರಿಯ ಗ್ಯಾಸನ್ನು ೩೦ ಡಿಗ್ರಿಗೆ ತಣಿಸಿದರೆ ಅದು ಸುಮಾರು ಅರ್ಧ ಜಾಗದಲ್ಲಿ ಅಡಗುತ್ತದೆ; ಅಂದರೆ ಅದೇ ಸಿಲಿಂಡರಿಗೆ ಹೆಚ್ಚು ಆಹಾರ ಒದಗುತ್ತದೆ. ಅದಕ್ಕಾಗಿ ಗ್ಯಾಸನ್ನು ತಣಿಸುವ ಕೊಳವೆಗಳ ಗುಂಪೊಂದು ಬೇಕು. ಗಾಳಿ ಚೆನ್ನಾಗಿ ಬೀಸುವ ಜಾಗ ಗಾಡಿಯ ಮೂತಿ. ಆದ್ದರಿಂದ ಅನೇಕ ಗಾಡಿಗಳಲ್ಲಿ ಅದನ್ನು ರೇಡಿಯೇಟರಿನ ಮುಂದೆಯೇ ಕಟ್ಟಿದರು. ಗ್ಯಾಸು ತಣಿಯಿತು, ಆದರೆ ಅದರ ಕಾವನ್ನು ಹೊತ್ತ ಬಿಸಿಗಾಳಿ ರೇಡಿಯೇಟರಿನ ಪಾಲಿಗೆ ಬಂತು. ಇದು ಒಂದನೆಯ ಕಾರಣ.

ಎರಡನೆಯದು ಬೆಂಕಿಯ ನಡೆ. ಇದ್ದಿಲು ಗ್ಯಾಸು ಪೆಟ್ರೋಲಿನ ಆವಿಗಿಂತ ನಿಧಾನವಾಗಿ ಉರಿಯುತ್ತದೆ. ಕಿಡಿಯನ್ನು ಮೊದಲಿಗಿಂತ ಮುಂಚಿತವಾಗಿ ಕೊಟ್ಟರೆ ಸರಿ. ಪೆಟ್ರೋಲಿಗೆ ಹೊಂದಿಸಿದ ಕಿಡಿಯನ್ನೇ ಉಳಿಸಿಕೊಂಡರೆ ಉರಿ ತಡವಾಗಿ ಮುಗಿಯುತ್ತದೆ, ಪಿಸ್ಟನ್ನನ್ನು ತಳ್ಳಬೇಕಾದ ಶಕ್ತಿ ಕವಾಟಗಳನ್ನೂ ಸುತ್ತಲ ನೀರನ್ನೂ ಕಾಯಿಸುತ್ತದೆ. ಮೂರನೆಯದು ಗಾಡಿಯ ನಡಿಗೆ. ಬಲ ಸಾಲದ ಬಸ್ಸು ಕೆಳಗಿನ ಗೇರಿನಲ್ಲಿ, ಪೂರ್ತಿ ಉಸಿರು ಬಿಗಿಹಿಡಿದು, ಎತ್ತಿನ ಬಂಡಿಯ ವೇಗದಲ್ಲಿ ಏರುತ್ತದೆ. ಎಂಜಿನ್ನು ದುಡಿಯುತ್ತಿದೆ, ಎದುರುಗಾಳಿ ಮಾತ್ರ ಇಲ್ಲ. ಅಂದಿನ ರೇಡಿಯೇಟರುಗಳ ಮುಚ್ಚಳಕ್ಕೆ ಒತ್ತಡ ತಡೆಯುವ ಗುಣವೂ ಇರಲಿಲ್ಲ. ಸಮುದ್ರಮಟ್ಟಕ್ಕಿಂತ ಎತ್ತರದ ನಮ್ಮ ಬಯಲಿನಲ್ಲಿ ನೀರು ೧೦೦ ಡಿಗ್ರಿಗೂ ತುಸು ಮೊದಲೇ ಕುದಿದು ಉಕ್ಕುತ್ತಿತ್ತು.

ಉಕ್ಕಿದ ನೀರಿನ ಬದಲಿಗೆ ಮತ್ತೆ ಯಾವ ನೀರು? ನಾಲ್ಕನೆಯ ಕಾರಣ ಇಲ್ಲಿದೆ, ಎರೆಸೀಮೆಯ ಮಟ್ಟಿಗೆ ಇದೇ ದೊಡ್ಡದು. ದಿನಕ್ಕೆ ನಾಲ್ಕು ಸಲ ಕುದಿದು ನಾಲ್ಕು ಸಲ ಸವಳು ನೀರು ಕುಡಿದ ರೇಡಿಯೇಟರಿನಲ್ಲಿ ಪ್ರತಿ ಸಲವೂ ಆವಿಯಾಗಿ ಹೋಗುವುದು ಶುದ್ಧ ನೀರು, ಉಳಿಯುವುದು ಸುಣ್ಣ. ಹಕ್ಕಳೆ ಬೆಳೆದಂತೆ ಕಾವು ಸಾಗುವುದಿಲ್ಲ. ಸಾಗದಿದ್ದರೆ ಮತ್ತೆ ಕುದಿತ. ಕುದಿದರೆ ಮತ್ತೆ ಸವಳು ನೀರು. ಸಾಲಕ್ಕೆ ಬಡ್ಡಿ ಸೇರಿ ಬೆಳೆಯುವಂತೆ ಈ ರೋಗ ಬೆಳೆಯುತ್ತದೆ. ತಪ್ಪಿಸಿಕೊಳ್ಳುವ ದಾರಿಯೆಂದರೆ ಕೆರೆಯ ಸಿಹಿ ನೀರು. ಆದರೆ ಅದು ಊರಿನವರು ಕುಡಿಯುವ ನೀರು. ೧೯೪೨-೪೩ರಲ್ಲಿ ನೆರೆಯ ಬಿಜಾಪುರ ಜಿಲ್ಲೆಯಲ್ಲಿ ಕ್ಷಾಮ ಬಿದ್ದ ಕಾಲ ಅದು. ಮನುಷ್ಯನ ಬಾಯಿಗೂ ಯಂತ್ರದ ಬಾಯಿಗೂ ಬೇಕಾದದ್ದು ಒಂದೇ ನೀರೆಂಬ ಸಂಕಟವನ್ನು ಪೆಟ್ರೋಲಿನ ಅಭಾವದ ಚರಿತ್ರೆಗಳು ಹೇಳುವುದಿಲ್ಲ.

ಇದ್ದಿಲು ಗಾಡಿಯ ಪರೀಕ್ಷೆಗೆ ಒಂದು ಕ್ರಮವಿತ್ತು. ಬಲ ಕುಗ್ಗಿ ನೀರು ಕುದಿಯದಿದ್ದರೆ ಗ್ಯಾಸು ತಣಿಸುವ ಕೊಳವೆಯನ್ನು ಮುಟ್ಟಿ ನೋಡಬೇಕು: ಎಂಜಿನ್ನಿನ ಹತ್ತಿರದ ತುದಿಯೂ ಸುಡುತ್ತಿದ್ದರೆ ಅದರೊಳಗೆ ಬೂದಿ ತುಂಬಿದೆ. ಬಲವೂ ಕುಗ್ಗಿ ನೀರೂ ಕುದಿದರೆ ಮೊದಲು ಕಿಡಿಯ ಸಮಯ, ಆಮೇಲೆ ರೇಡಿಯೇಟರು. ಬಲ ಸರಿಯಾಗಿದ್ದು ನೀರು ಮಾತ್ರ ಕುದಿದರೆ ತಪ್ಪು ಗ್ಯಾಸಿನದಲ್ಲ, ಹಕ್ಕಳೆಯದು. ಇನ್ನೊಂದು ಲಕ್ಷಣವೂ ಉಂಟು. ಅದು ಗಾಡಿಯಲ್ಲಿ ಕಾಣುವುದಲ್ಲ, ಡ್ರಾಯವರನಲ್ಲಿ ಕಾಣುವುದು. ತಲೆನೋವು, ವಾಕರಿಕೆ, ಮಂಪರು ಬಂದರೆ ಬಿಸಿಲಿನ ಝಳವೆಂದು ಬಿಡಬಾರದು. ಎಲ್ಲೋ ಕೊಳವೆ ಸೋರಿ ಮಾನಾಕ್ಸೈಡು ಒಳಗೆ ಬರುತ್ತಿದೆಯೆಂದೇ ತಿಳಿಯಬೇಕು. ಬಣ್ಣವಿಲ್ಲದ, ವಾಸನೆಯಿಲ್ಲದ ಈ ವಿಷ ಯುದ್ಧ ಕಾಲದಲ್ಲಿ ಅನೇಕ ದೇಶಗಳಲ್ಲಿ ಜೀವ ತೆಗೆದಿದೆ.

ಯುದ್ಧ ಮುಗಿದು ಪೆಟ್ರೋಲು ಮರಳಿತು. ಪೀಪಾಯಿಗಳು ಗುಜರಿಗೆ ಹೋದವು. ಮುಂದೆ ಡೀಜಲ್ ಎಂಜಿನ್ನು ಬಂತು, ಬಸ್ಸು ಸರಕಾರದ್ದಾಯಿತು. ೧೯೬೧ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮ ಸ್ಥಾಪನೆಯಾಯಿತು, ೧೯೯೭ರಲ್ಲಿ ಹುಬ್ಬಳ್ಳಿಯ ವಾಯವ್ಯ ಸಾರಿಗೆ ಸಂಸ್ಥೆ ಅದರಿಂದ ಬೇರೆಯಾಯಿತು. ಗದಗ ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷ. ಇದ್ದಿಲು ಗ್ಯಾಸಿನ ವಿದ್ಯೆ ಪೂರ್ತಿ ಸಾಯಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ೧೯೮೮ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಕಟ್ಟಿಗೆಯ ಗ್ಯಾಸಿನಿಂದ ಎಂಜಿನ್ನು ನಡೆಸಿ ಊರಿಗೆ ದೀಪ, ನೀರು ಒದಗಿಸಿದರು. ಅಲ್ಲಿಯೂ ಗ್ಯಾಸನ್ನು ತಣಿಸಿ ತೊಳೆಯುವುದಕ್ಕೆ ನೀರೇ ಬೇಕಾಯಿತು.

ಎರಡನೆಯ ಗ್ಯಾಸು ಯುಗ ಬೇರೆ ಬಗೆಯದು. ಅಡುಗೆಯ ಸಿಲಿಂಡರನ್ನು ಕದ್ದುಮುಚ್ಚಿ ಕಾರಿಗೆ ಕಟ್ಟುವ ಅಪಾಯಕರ ರೂಢಿ ಮೊದಲು ಹಬ್ಬಿತು. ೨೦೦೦ದಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಗಿ, ಪ್ರತ್ಯೇಕ ಟಾಂಕಿ, ಪ್ರತ್ಯೇಕ ಬಂಕುಗಳೊಡನೆ ಎಲ್‌ಪಿಜಿ ವಾಹನಕ್ಕೆ ಕಾನೂನಿನ ಒಪ್ಪಿಗೆ ದೊರೆಯಿತು. ದಿಲ್ಲಿಯಲ್ಲಿ ಹೊಗೆಯ ಕಾಟ ತಡೆಯಲಾರದೆ ಸುಪ್ರೀಂ ಕೋರ್ಟು ೧೯೯೮ರಲ್ಲಿ ಬಸ್ಸುಗಳನ್ನು ಸಿಎನ್‌ಜಿಗೆ ತಿರುಗಿಸಲು ಆಜ್ಞೆ ಮಾಡಿತ್ತು. ೨೦೧೩ರಲ್ಲಿ ದಾಭೋಳದಿಂದ ಬೆಂಗಳೂರಿನವರೆಗೆ ಗ್ಯಾಸಿನ ಕೊಳವೆ ಮಾರ್ಗ ತೆರೆದ ಮೇಲೆ ಕರ್ನಾಟಕಕ್ಕೂ ಸಿಎನ್‌ಜಿಯ ಬಾಗಿಲು ತೆರೆಯಿತು.

ಇಲ್ಲಿ ಇತಿಹಾಸ ಮಗ್ಗುಲು ಬದಲಾಯಿಸುತ್ತದೆ. ಇದ್ದಿಲು ಗ್ಯಾಸನ್ನು ಎಂಜಿನ್ನಿಗೆ ಮೊದಲು ತಣಿಸಬೇಕಿತ್ತು; ಎಲ್‌ಪಿಜಿಯನ್ನು ಎಂಜಿನ್ನಿಗೆ ಮೊದಲು ಕಾಯಿಸಬೇಕು. ಟಾಂಕಿಯಲ್ಲಿ ಅದು ದ್ರವ. ಅದರಲ್ಲಿರುವ ಪ್ರೊಪೇನು ಸೊನ್ನೆಗಿಂತ ೪೨ ಡಿಗ್ರಿ ಕೆಳಗೆ ಕುದಿಯುವ ವಸ್ತು. ಒಂದು ಕಿಲೋ ದ್ರವ ಆವಿಯಾಗುವಾಗ ಸುತ್ತಲಿನಿಂದ ಎಳೆದುಕೊಳ್ಳುವ ಉಷ್ಣ, ಒಂದು ಲೀಟರು ತಣ್ಣೀರನ್ನು ಕುದಿಯ ಅಂಚಿಗೆ ತರುವಷ್ಟು. ಆ ಉಷ್ಣವನ್ನು ಕೊಡಲೆಂದು ಎಂಜಿನ್ನಿನ ಬಿಸಿನೀರಿನ ಒಂದು ಕವಲನ್ನು ರೆಡ್ಯೂಸರ್ ಎಂಬ ಸಣ್ಣ ಪೆಟ್ಟಿಗೆಯ ಮೂಲಕ ಹಾಯಿಸುತ್ತಾರೆ. ಸುಮಾರು ೨೦೦ ವಾಯುಭಾರದ ಒತ್ತಡದಿಂದ ಒಮ್ಮೆಗೇ ಸಡಿಲಗೊಳ್ಳುವ ಸಿಎನ್‌ಜಿಯೂ ತಣ್ಣಗಾಗುವುದರಿಂದ ಅದರ ಪೆಟ್ಟಿಗೆಗೂ ಇದೇ ಬಿಸಿನೀರಿನ ಸೇವೆ ಉಂಟು. ಹೀಗೆ, ಹಿಂದೆ ಕಾವನ್ನು ಹೊರಗೆ ಚೆಲ್ಲುವ ಚಾಕರಿಯನ್ನಷ್ಟೇ ಮಾಡುತ್ತಿದ್ದ ನೀರು ಈಗ ಇಂಧನವನ್ನು ಹದಮಾಡುವ ಅಡಿಗೆಯವನೂ ಆಯಿತು.

ಇದರಿಂದ ಒಂದು ವಿಚಿತ್ರ ಹುಟ್ಟುತ್ತದೆ. ಏಪ್ರಿಲ್ ತಿಂಗಳ ಗದಗಿನ ಬಿಸಿಲಿನಲ್ಲಿ, ಬಾನೆಟ್ ಎತ್ತಿ ನೋಡಿದರೆ, ಕಾದ ಎಂಜಿನ್ನಿನ ಪಕ್ಕದಲ್ಲೇ ರೆಡ್ಯೂಸರಿನ ಮೈಗೆ ಬೆಳ್ಳನೆಯ ಮಂಜು ಹಿಡಿದಿರುತ್ತದೆ! ಕಾರು ಗ್ಯಾಸಿನಲ್ಲಿ ಜಗ್ಗುತ್ತದೆ, ನಿಲ್ಲುತ್ತದೆ. ಪೆಟ್ರೋಲಿಗೆ ತಿರುಗಿಸಿದರೆ ಓಡುತ್ತದೆ. ಒಡೆಯನು ಗ್ಯಾಸಿನ ಕಿಟ್ಟನ್ನು ಶಪಿಸುತ್ತಾನೆ. ವಿಷಯ ಹಾಗಿಲ್ಲ. ರೇಡಿಯೇಟರಿನಲ್ಲಿ ನೀರು ಕಡಿಮೆಯಾದಾಗ ಮೊದಲು ಒಣಗುವುದು ಎತ್ತರದಲ್ಲಿರುವ ಕವಲು. ರೆಡ್ಯೂಸರನ್ನು ನೀರಿನ ಮಟ್ಟಕ್ಕಿಂತ ಮೇಲೆ ಕೂರಿಸಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ಬಿಸಿನೀರು ಹಾಯುವುದಿಲ್ಲ. ಇದೇ ಹೊತ್ತಿನಲ್ಲಿ ಕಾವು ತೋರಿಸುವ ಮುಳ್ಳನ್ನು ನಂಬುವ ಹಾಗಿಲ್ಲ. ಅದರ ತುದಿ ನೀರಿನ ಬದಲು ಗಾಳಿಯಲ್ಲಿದ್ದರೆ ಎಂಜಿನ್ನು ಸುಡುತ್ತಿದ್ದರೂ ಅದು ತಣ್ಣಗೆ ಕೂತಿರುತ್ತದೆ. ಹೀಗಾಗಿ ರೆಡ್ಯೂಸರಿನ ಹಿಮವೇ ಬರಲಿರುವ ಬೆಂಕಿಯ ಮೊದಲ ಸುದ್ದಿ. ಅದನ್ನು ಓದಲಾರದೆ ಪೆಟ್ರೋಲಿಗೆ ತಿರುಗಿಸಿಕೊಂಡು ಮುಂದೆ ಹೊರಟವನು ಹತ್ತು ಮೈಲಿಯಲ್ಲಿ ಹೆಡ್ ಗ್ಯಾಸ್ಕೆಟನ್ನು ಸುಟ್ಟುಕೊಂಡರೆ ಆಶ್ಚರ್ಯವಿಲ್ಲ.

ಪರೀಕ್ಷೆ ಕಷ್ಟದ್ದಲ್ಲ. ಎಂಜಿನ್ನು ಕಾದ ಮೇಲೆ ರೆಡ್ಯೂಸರಿಗೆ ಹೋಗುವ ನೀರಿನ ಕೊಳವೆ, ಬರುವ ಕೊಳವೆ ಎರಡನ್ನೂ ಎಚ್ಚರದಿಂದ ಮುಟ್ಟಿ ನೋಡಬೇಕು. ಒಂದು ಬಿಸಿ, ಒಂದು ತಣ್ಣಗಿದ್ದರೆ ನಡುವೆ ದಾರಿ ಕಟ್ಟಿದೆ ಅಥವಾ ಗಾಳಿ ಸೇರಿದೆ. ಎರಡೂ ತಣ್ಣಗಿದ್ದರೆ ನೀರಿಲ್ಲ, ಇಲ್ಲವೆ ನೀರು ಕಾಯುತ್ತಲೇ ಇಲ್ಲ. ಎರಡೂ ಬಿಸಿಯಿದ್ದು ಮಂಜು ಕಟ್ಟುತ್ತಿದ್ದರೆ ಪೆಟ್ಟಿಗೆಯ ಒಳಮೈಗೆ ಹಕ್ಕಳೆ ಹಿಡಿದಿದೆ. ಅಜ್ಜನ ಬಸ್ಸನ್ನು ಕಾಡಿದ ಅದೇ ಸವಳು ಮೊಮ್ಮಗನ ಕಾರಿಗೂ ಬಂದಿದೆ ಎಂದರ್ಥ.

ನೀರು ಕಾಯದಿರುವುದಕ್ಕೆ ನಮ್ಮಲ್ಲಿ ಒಂದು ವಿಶೇಷ ಕಾರಣವುಂಟು. ಗಾಡಿ ಕುದಿಯುತ್ತದೆಂದರೆ ಥರ್ಮೋಸ್ಟಾಟನ್ನು ಕಿತ್ತು ಬಿಸಾಡುವುದು ಅನೇಕ ಮಿಸ್ತ್ರಿಗಳ ಮೊದಲ ಮದ್ದು. ಬಿಸಿಲು ನಾಡಿಗೆ ಅದರ ಅಗತ್ಯವಿಲ್ಲವೆಂಬ ನಂಬಿಕೆ ಬಲವಾಗಿದೆ. ಪೆಟ್ರೋಲು ಗಾಡಿಯಲ್ಲಿ ಇದರ ಕೇಡು ಮೆಲ್ಲಗೆ ಕಾಣುತ್ತದೆ. ಗ್ಯಾಸಿನ ಗಾಡಿಯಲ್ಲಿ ಬೆಳಗ್ಗೆಯೇ ಕಾಣುತ್ತದೆ. ನೀರು ಹದಕ್ಕೆ ಬರುವುದು ತಡವಾಗುತ್ತದೆ, ಗಾಡಿ ಗ್ಯಾಸಿಗೆ ತಿರುಗುವುದಿಲ್ಲ, ತಿರುಗಿದರೂ ರೆಡ್ಯೂಸರು ಹೆಪ್ಪುಗಟ್ಟುತ್ತದೆ. ಕೆಟ್ಟ ಥರ್ಮೋಸ್ಟಾಟಿಗೆ ಮದ್ದು ಒಳ್ಳೆಯ ಥರ್ಮೋಸ್ಟಾಟೇ ಹೊರತು ಬರಿದಾದ ಜಾಗವಲ್ಲ.

ಇನ್ನು ರೇಡಿಯೇಟರಿನಲ್ಲಿ ಗುಳ್ಳೆ ಏಳುವ ಲಕ್ಷಣ. ಪೆಟ್ರೋಲು ಗಾಡಿಯಾದರೆ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಮಿಸ್ತ್ರಿ ಕೂಡಲೇ ಎಂಜಿನ್ನು ಬಿಚ್ಚಲು ಹೊರಡುತ್ತಾನೆ. ಗ್ಯಾಸಿನ ಗಾಡಿಯಲ್ಲಿ ಆತುರ ಸಲ್ಲದು. ರೆಡ್ಯೂಸರಿನ ಒಳಗೋಡೆ ಸೋರಿದರೂ ಗ್ಯಾಸು ನೀರಿನೊಳಗೆ ನುಗ್ಗಿ ಗುಳ್ಳೆಯೆಬ್ಬಿಸುತ್ತದೆ. ಟಾಂಕಿಯ ಕವಾಟವನ್ನು ಮುಚ್ಚಿ, ಕೊಳವೆಯಲ್ಲಿ ಉಳಿದ ಗ್ಯಾಸು ಮುಗಿದ ಮೇಲೆ ಪೆಟ್ರೋಲಿನಲ್ಲಿ ನಡೆಸಿ ನೋಡಬೇಕು. ಗುಳ್ಳೆ ನಿಂತರೆ ತಪ್ಪು ರೆಡ್ಯೂಸರಿನದು; ನಿಲ್ಲದಿದ್ದರೆ ಗ್ಯಾಸ್ಕೆಟಿನದು. ಒಂದರ ರಿಪೇರಿ ಅರ್ಧ ದಿನದ ಕೆಲಸ, ಇನ್ನೊಂದು ಎಂಜಿನ್ನಿನ ಶಸ್ತ್ರಚಿಕಿತ್ಸೆ. ಈ ಪರೀಕ್ಷೆಯ ಹೊತ್ತಿಗೆ ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಕೂಡದು. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಕೂಡದು. ಒತ್ತಡದ ಮುಚ್ಚಳದ ಅಡಿಯಲ್ಲಿ ನೀರು ೧೦೦ ಡಿಗ್ರಿ ದಾಟಿಯೂ ಕುದಿಯದೆ ಹೊಂಚಿರುತ್ತದೆ. ತೆರೆದ ಕ್ಷಣ ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದು ಲೋಹವನ್ನು ಸೀಳಿದವರೂ ಕಡಿಮೆಯಿಲ್ಲ.

ಗ್ಯಾಸಿನ ಮೇಲೆ ಹೊರಿಸಬೇಕಾದ ತಪ್ಪು ಇಲ್ಲವೇ ಇಲ್ಲವೆಂದಲ್ಲ. ಗಾಳಿ ಹೆಚ್ಚಾಗಿ ಗ್ಯಾಸು ಕಡಿಮೆಯಾದ ಮಿಶ್ರಣ, ಸವೆದ ಪ್ಲಗ್ಗು, ಹೊಂದಿಸದ ಕಿಡಿ ಇವೆಲ್ಲ ಎಂಜಿನ್ನನ್ನು ಕಾಯಿಸುತ್ತವೆ, ಕವಾಟದ ಪೀಠಗಳನ್ನು ಸವೆಸುತ್ತವೆ. ಆದರೆ ಇವುಗಳ ಪರೀಕ್ಷೆ ನೀರಿನ ಪರೀಕ್ಷೆಯ ನಂತರದ್ದು. ನೀರಿನ ಮಟ್ಟ, ಗಾಳಿಯ ತಡೆ, ಥರ್ಮೋಸ್ಟಾಟು, ಹಕ್ಕಳೆ ಈ ನಾಲ್ಕನ್ನೂ ನೋಡದೆ ಗ್ಯಾಸಿನ ಸ್ಕ್ರೂ ತಿರುವುವವನು ನಾಡಿ ಹಿಡಿಯದೆ ಔಷಧ ಕೊಟ್ಟಂತೆ.

ಇಂದು ಬಟ್ಟಿಯಿಳಿಸಿದ ನೀರೂ, ತುಕ್ಕನ್ನೂ ಹಕ್ಕಳೆಯನ್ನೂ ತಡೆಯುವ ಕೂಲಂಟೂ ಅಂಗಡಿಯಲ್ಲಿ ಸಿಕ್ಕುತ್ತವೆ. ಆದರೂ ದಾರಿಯಲ್ಲಿ ಗಾಡಿ ನಿಂತಾಗ ಕೈಗೆ ಮೊದಲು ಸಿಕ್ಕುವುದು ಹತ್ತಿರದ ಬೋರ್‌ವೆಲ್ಲಿನ ನೀರು. ಒಂದು ದಿನದ ಉಪಕಾರಕ್ಕೆ ಅದು ವರ್ಷಗಳ ಬಡ್ಡಿಯನ್ನು ವಸೂಲು ಮಾಡುತ್ತದೆ. ಹಾಗೆ ತುಂಬಿದವರು ಊರು ಸೇರಿದ ಕೂಡಲೇ ಅದನ್ನು ಬಸಿದು ತೆಗೆದು ಒಳ್ಳೆಯ ಕೂಲಂಟನ್ನು ತುಂಬಿಸುವುದು ಲೇಸು. ಎರೆಸೀಮೆಯ ಹಿರಿಯರು ಯಂತ್ರಶಾಸ್ತ್ರ ಓದಿದವರಲ್ಲ. ಆದರೆ ಯಾವ ನೀರು ಒಡಲಿಗೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ನಾಲಗೆಯಿಂದಲೇ ತೂಗಿ ಕೆರೆಗಳನ್ನು ಕಟ್ಟಿಸಿ ಕಾಯ್ದುಕೊಂಡರು. ಇಂಧನ ಇದ್ದಿಲಿನಿಂದ ಪೆಟ್ರೋಲಿಗೆ, ಪೆಟ್ರೋಲಿನಿಂದ ಗ್ಯಾಸಿಗೆ ಬದಲಾದರೂ ಎಂಜಿನ್ನಿನ ಒಡಲು ಆ ತೂಕವನ್ನೇ ಕೇಳುತ್ತಿದೆ.